ಚಹಾದಂಗಡಿಯ ಬೆಂಚು ಯಾರದು?

ಜಗತ್ತಿನ ಚಹಾ ಸಂಪ್ರದಾಯಗಳ ಬಗ್ಗೆ ಬರೆಯುವವರು ಕೆಲವು ನಾಡುಗಳನ್ನು ತಪ್ಪದೆ ನೆನೆಯುತ್ತಾರೆ. ಜಪಾನಿನಲ್ಲಿ ಬಿದಿರಿನ ಕಡ್ಡಿಗಳ ಕುಂಚದಿಂದ ಹಸಿರು ಪುಡಿಯನ್ನು ಕಡೆದು ಅತಿಥಿಯ ಮುಂದಿಡುತ್ತಾರೆ. ಟಿಬೆಟ್ಟಿನಲ್ಲಿ ಬೆಣ್ಣೆ, ಉಪ್ಪು ಬೆರೆಸಿ ಕುಡಿಯುತ್ತಾರೆ. ಮೊರಾಕ್ಕೊದಲ್ಲಿ ಪುದೀನ ಹಾಕಿದ ಚಹಾವನ್ನು ಎತ್ತರದಿಂದ ಗಾಜಿನ ಲೋಟಕ್ಕೆ ಸುರಿಯುತ್ತಾರೆ. ಕಾಶ್ಮೀರಕ್ಕೆ ಗುಲಾಬಿ ಬಣ್ಣದ ಉಪ್ಪಿನ ಚಹಾ ಇದೆ. ಈ ಸಾಲಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನು ಯಾರೂ ಸೇರಿಸುವುದಿಲ್ಲ. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಚಹಾದ ಗಿಡ ಬೆಳೆಯುವುದಿಲ್ಲ. ಕುಡಿಯುವುದಕ್ಕೆ ವಿಧಿ ವಿಧಾನವಿಲ್ಲ. ಸೀಮೆಎಣ್ಣೆಯ ಸ್ಟೌ ಹೋಗಿ ಗ್ಯಾಸಿನ ಒಲೆ ಬಂದಿದೆ ಎನ್ನುವುದನ್ನು ಬಿಟ್ಟರೆ ಅಂಗಡಿಯ ರೂಪವೂ ಬಹಳ ಬದಲಾಗಿಲ್ಲ. ತಗಡಿನ ಚಾವಣಿ, ಕುದಿಯುವ ಪಾತ್ರೆ, ಗಾಜಿನ ಡಬ್ಬಿಗಳಲ್ಲಿ ಬನ್ನು, ಬಿಸ್ಕತ್ತು, ಮುಂದೊಂದು ಬೆಂಚು.

ಆದರೂ ಇಲ್ಲಿ ಒಂದು ಚಹಾ ಸಂಪ್ರದಾಯವಿದೆ, ಅದು ಆ ಬೆಂಚಿನಲ್ಲಿದೆ ಎಂಬುದು ನನ್ನ ವಾದ. ನಮ್ಮ ಕಡೆ ‘ಬಾರಣ್ಣ, ಟೀ ಕುಡಿಯೋಣ’ ಎಂದರೆ ‘ಕೂತು ಮಾತಾಡೋಣ’ ಎಂದೇ ಅರ್ಥ. ಒಂದು ಲೋಟವನ್ನು ಬೈಟು ಮಾಡಿಕೊಂಡು ಇಬ್ಬರು ಅರ್ಧ ಗಂಟೆ ಕೂರಬಹುದು. ಏಳಿ ಎಂದು ಅಂಗಡಿಯವರು ಹೇಳುವುದಿಲ್ಲ. ಚನ್ನಗಿರಿಯ ಬೆಂಚಿನಲ್ಲಿ ರಾಶಿ ಅಡಿಕೆಯ ಇವತ್ತಿನ ಧಾರಣೆ, ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ ಕೊಟ್ಟ ತೋಟದ ಲೆಕ್ಕ ಮಾತಿಗೆ ಬರುತ್ತದೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ನೀರಿನ ಮಟ್ಟ, ಭದ್ರಾ ನಾಲೆಗೆ ನೀರು ಬಿಡುವ ದಿನ. ನ್ಯಾಮತಿಯಲ್ಲಿ ಮೆಕ್ಕೆಜೋಳದ ಬೆಲೆ, ಹೊಸ ತಾಲ್ಲೂಕು ಕಚೇರಿಯ ಕೆಲಸ. ಜಗಳೂರಿನಲ್ಲಿ ಮಳೆ, ಬತ್ತಿದ ಬೋರ್‌ವೆಲ್ಲು, ತುಂಗಭದ್ರೆಯಿಂದ ಕೆರೆ ತುಂಬಿಸುವ ಯೋಜನೆ ಎಲ್ಲಿಗೆ ಬಂತೆಂಬ ಪ್ರಶ್ನೆ. ಖಾತೆ ಬದಲಾವಣೆಗೆ ಯಾರನ್ನು ನೋಡಬೇಕು, ಉದ್ಯೋಗ ಖಾತರಿಯ ಕೆಲಸ ಯಾವ ವಾರ ಶುರು, ಸಾಲಕ್ಕೆ ಯಾವ ಕಾಗದ ಬೇಕು ಎಂಬ ತಿಳಿವಳಿಕೆಯೆಲ್ಲ ಮಂಡಕ್ಕಿ, ಮೆಣಸಿನಕಾಯಿ ಮತ್ತು ಚಹಾದ ನಡುವೆಯೇ ಕೈಬದಲಾಗುತ್ತದೆ. ಹೀಗಿರುವಾಗ ನಮ್ಮ ಚಹಾ ಸಂಸ್ಕೃತಿಯನ್ನು ರುಚಿಯಿಂದ ಅಳೆದರೆ ಸಾಲದು. ಆ ಬೆಂಚಿನ ಮೇಲೆ ಯಾರು ಕೂರಬಲ್ಲರು, ಯಾರು ಕೂರಲಾರರು ಎಂಬುದರಿಂದ ಅಳೆಯಬೇಕು.

ಈ ಅಳತೆಗೆ ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಹಾಲು, ಸಕ್ಕರೆ ಹಾಕಿ ಕುದಿಸಿದ ಈ ಪಾನೀಯ ನಮ್ಮ ಹಳ್ಳಿಗಳಿಗೆ ಹೊಸದು. ಬಯಲುಸೀಮೆಯ ಮನೆಗೆ ಬಂದವರಿಗೆ ಹಿಂದೆ ಕೊಡುತ್ತಿದ್ದುದು ಬೆಲ್ಲ ಮತ್ತು ನೀರು, ಇಲ್ಲವೇ ಮಜ್ಜಿಗೆ. ಹೊಲಕ್ಕೆ ಹೋಗುತ್ತಿದ್ದುದು ಅಂಬಲಿ. ಚಹಾವನ್ನು ಭಾರತೀಯರ ಬಾಯಿಗೆ ತಂದದ್ದು ವ್ಯಾಪಾರ. ಅಸ್ಸಾಮಿನ ಚಹಾ 1839ರಲ್ಲಿ ಲಂಡನ್ನಿನ ಹರಾಜಿಗೆ ಹೋದಾಗ ಅದು ಇಂಗ್ಲೆಂಡಿನ ಮಾರುಕಟ್ಟೆಗೆಂದು ಬೆಳೆದ ಸರಕು. 1903ರಲ್ಲಿ ಬ್ರಿಟಿಷ್ ಸರ್ಕಾರ ಚಹಾ ರಫ್ತಿನ ಮೇಲೆ ಒಂದು ಸೆಸ್ ಹಾಕಿ ಆ ಹಣವನ್ನು ಚಹಾದ ಪ್ರಚಾರಕ್ಕೆ ಮೀಸಲಿಟ್ಟಿತು. 1929ರ ನಂತರದ ಜಾಗತಿಕ ಆರ್ಥಿಕ ಕುಸಿತದಲ್ಲಿ ಚಹಾ ಮಾರಾಟವಾಗದೆ ಉಳಿಯಿತು. ರಫ್ತಿಗೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದ 1933ರಲ್ಲಿ ಆಯಿತು. ಆಗ ತೋಟದ ಮಾಲೀಕರ ಕಣ್ಣು ಈ ದೇಶದ ಜನರ ಮೇಲೆ ಬಿತ್ತು. ಪೇಟೆಬೀದಿಗಳಲ್ಲಿ, ಜಾತ್ರೆಗಳಲ್ಲಿ ಚಹಾದ ಗಾಡಿಗಳು ಬಂದವು. ರೈಲು ನಿಲ್ದಾಣಗಳಲ್ಲಿ ಚಹಾ ಮಾಡುವ ವಿಧಾನವನ್ನು ದೇಶಭಾಷೆಗಳಲ್ಲಿ ಬರೆದ ಎನಾಮಲ್ ಹಲಗೆಗಳು ಎದ್ದವು. ಪ್ರಚಾರಕರು ಮನೆಮನೆಗೆ ಹೋಗಿ ಕುದಿಸಿ ತೋರಿಸಿದರು. ಅದೇ 1930ರ ದಶಕದಲ್ಲಿ ಎಲೆಯನ್ನು ಅರೆದು, ಹರಿದು, ಸುರುಳಿ ಸುತ್ತುವ ಸಿ.ಟಿ.ಸಿ. ಯಂತ್ರ ಅಸ್ಸಾಮಿನಲ್ಲಿ ಬಳಕೆಗೆ ಬಂತು. ಅದರಿಂದ ಬಂದ ಹರಳಿನಂಥ ಪುಡಿ ಅಗ್ಗ. ಸ್ವಲ್ಪ ಹಾಕಿದರೂ ಬಣ್ಣ ಬಿಡುತ್ತದೆ, ಎಷ್ಟು ಹಾಲು ಸುರಿದರೂ ಗಡುಸು ಹೋಗುವುದಿಲ್ಲ. ಸ್ವಾತಂತ್ರ್ಯದ ನಂತರ ಈ ಪುಡಿ ಹಳ್ಳಿಯ ಕಿರಾಣಿ ಅಂಗಡಿಗೆ ಇಳಿಯಿತು. 1970ರ ದಶಕದಿಂದ ಹಾಲು ಉತ್ಪಾದಕರ ಸಹಕಾರ ಸಂಘಗಳು ಊರೂರಲ್ಲಿ ತಲೆಯೆತ್ತಿದ ಮೇಲೆ ಹಾಲೂ ವರ್ಷವಿಡೀ ಸಿಗತೊಡಗಿತು. ಬಾಬಾಬುಡನ್‌ಗಿರಿಯ ಕಾಫಿ ನಮಗೆ ಹತ್ತಿರವಿದ್ದರೂ ದುಡಿಯುವವರ ಲೋಟಕ್ಕೆ ಬಂದದ್ದು ದೂರದ ಚಹಾ. ಅದಕ್ಕೆ ದೊಡ್ಡ ಕಾರಣ ಬೆಲೆ. ಇವತ್ತು ಭಾರತ ವರ್ಷಕ್ಕೆ ಬೆಳೆಯುವ ಸುಮಾರು 130 ಕೋಟಿ ಕಿಲೋ ಚಹಾದಲ್ಲಿ ಐದರಲ್ಲಿ ನಾಲ್ಕು ಪಾಲನ್ನು ನಾವೇ ಕುಡಿಯುತ್ತೇವೆ.

ಇದು ನಾಚಿಕೆಪಡಬೇಕಾದ ಚರಿತ್ರೆಯಲ್ಲ. ಬೇರೆ ದೇಶಗಳ ಕಥೆಯೂ ಹೀಗೇ ಇದೆ. ಇಂದು ತಲಾವಾರು ಚಹಾ ಕುಡಿಯುವುದರಲ್ಲಿ ಜಗತ್ತಿಗೇ ಮುಂದಿರುವ ತುರ್ಕಿ ನೂರು ವರ್ಷಗಳ ಹಿಂದೆ ಕಾಫಿಯ ನಾಡು. ಮೊದಲ ಮಹಾಯುದ್ಧದಲ್ಲಿ ಒಟ್ಟೋಮನ್ ಸಾಮ್ರಾಜ್ಯ ಕುಸಿದು, ಯೆಮನ್ ಕೈತಪ್ಪಿ, ಕಾಫಿ ದುಬಾರಿಯಾಯಿತು. ಹೊಸ ಗಣರಾಜ್ಯ ಕಪ್ಪುಸಮುದ್ರದ ದಂಡೆಯ ರಿಜ಼ೆಯಲ್ಲಿ ಚಹಾ ಬೆಳೆಸಲು ಹೊರಟಿತು. ಎರಡು ತಲೆಮಾರುಗಳಲ್ಲಿ ಅದು ಅಲ್ಲಿನ ಅತಿಥಿ ಸತ್ಕಾರದ ಗುರುತಾಯಿತು. ಮೊರಾಕ್ಕೊದ ಪುದೀನ ಚಹಾಕ್ಕೆ ಬಳಸುವುದು ಚೀನಾದ ಎಲೆ. ಅದು ಅಲ್ಲಿನ ಜನಸಾಮಾನ್ಯರ ಮನೆಗೆ ಬಂದದ್ದು 19ನೆಯ ಶತಮಾನದಲ್ಲಿ. ಸಂಪ್ರದಾಯಗಳನ್ನು ಜನ ಹೀಗೆ ಕಣ್ಣೆದುರೇ ಕಟ್ಟಿಕೊಳ್ಳುತ್ತಾರೆ. ನಮ್ಮ ಚಹಾದಂಗಡಿಯ ಯಾವ ನಡವಳಿಕೆಗೂ ‘ಹಿಂದಿನಿಂದ ಬಂದದ್ದು’ ಎಂಬ ರಕ್ಷಣೆ ಇಲ್ಲ ಎಂಬುದು ಇದರಿಂದ ಹೊರಡುವ ತೀರ್ಮಾನ. ನಮ್ಮ ಅಜ್ಜಂದಿರ ಕಾಲದಲ್ಲಿ ಶುರುವಾದದ್ದನ್ನು ನಮ್ಮ ಕಾಲದಲ್ಲಿ ತಿದ್ದಬಹುದು.

ತಿದ್ದಬೇಕಾದದ್ದು ಇದೆ. ಯಾವ ಧರ್ಮಗ್ರಂಥದಲ್ಲೂ ಚಹಾದ ಹೆಸರಿಲ್ಲ. ಅದಕ್ಕೆ ಮಡಿಯಿಲ್ಲ, ಮೈಲಿಗೆಯಿಲ್ಲ. ದುಡ್ಡು ಕೊಟ್ಟವರಿಗೆ ಸಿಗುವ ಈ ಹೊಸ ಪಾನೀಯ ಜಾತಿಯ ಗೆರೆಗಳನ್ನು ತಾನಾಗಿ ಅಳಿಸಬಹುದಿತ್ತು. ಆದದ್ದು ಬೇರೆ. ಪಟ್ಟಣದ ಹೋಟೆಲುಗಳು ‘ಬ್ರಾಹ್ಮಣರ’ ಎಂಬ ಹಲಗೆ ಹಾಕಿಕೊಂಡೇ ಶುರುವಾದವು, ಒಳಗೆ ಜಾತಿವಾರು ಪಂಕ್ತಿಗಳಿದ್ದವು. ಹಳ್ಳಿಯ ಚಹಾದಂಗಡಿಗೆ ಬಂದಾಗ ಇದು ಎರಡು ಲೋಟದ ಪದ್ಧತಿಯಾಯಿತು. ದಲಿತರಿಗೆ ಬೇರೆ ಲೋಟ. ಅದನ್ನು ಹೊರಗಿನ ಗೋಡೆಯ ಮೇಲೋ ಚಾವಣಿಯ ಸಂದಿಯಲ್ಲೋ ಇಟ್ಟಿರುತ್ತಿದ್ದರು. ಬಂದವರು ತಾವೇ ತೆಗೆದುಕೊಳ್ಳಬೇಕು, ಮೇಲಿನಿಂದ ಸುರಿದ ಚಹಾವನ್ನು ನಿಂತೋ ನೆಲದ ಮೇಲೆ ಕುಕ್ಕುರುಗಾಲಲ್ಲೋ ಕುಡಿಯಬೇಕು, ತಾವೇ ತೊಳೆದು ಇಟ್ಟು ಹೋಗಬೇಕು. ದುಡ್ಡು ಮಾತ್ರ ಒಂದೇ. ಕರ್ನಾಟಕದ ಉದ್ದಗಲಕ್ಕೂ ಇದು ನಡೆದದ್ದು. ಕೆಲವೆಡೆ ಇನ್ನೂ ನಡೆಯುತ್ತಿರುವುದು ಆಗಾಗ ಬಯಲಿಗೆ ಬರುತ್ತಲೇ ಇದೆ.

ಕಾನೂನು ಈ ವಿಷಯದಲ್ಲಿ ಮೊದಲಿನಿಂದಲೂ ನಿಚ್ಚಳವಾಗಿದೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 15ನೆಯ ವಿಧಿ ಅಂಗಡಿ, ಹೋಟೆಲುಗಳ ಹೆಸರು ಹೇಳಿಯೇ ಪ್ರವೇಶದ ಹಕ್ಕನ್ನು ಕೊಟ್ಟಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರ ತಿದ್ದುಪಡಿಯಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೆಂಬ ಹೆಸರು ಪಡೆದದ್ದು, ಹೋಟೆಲಿನಲ್ಲಿ ಸಾರ್ವಜನಿಕರ ಬಳಕೆಗೆಂದು ಇಟ್ಟ ಪಾತ್ರೆಗಳನ್ನು ಬಳಸಲು ತಡೆಯುವುದೂ ಅಪರಾಧವೆಂದು ಬಿಡಿಸಿ ಹೇಳುತ್ತದೆ. ಒಂದು ಲೋಟದ ವಿಚಾರ ರಾಷ್ಟ್ರದ ಕಾನೂನಿನ ಪುಟಕ್ಕೆ ಬರಬೇಕಾಯಿತು ಎಂದರೆ ಅದರ ಹಿಂದಿನ ನೋವು ಎಷ್ಟಿದ್ದಿರಬೇಕು. ಕಾನೂನು ಬಂದ ಮೇಲೂ ಅದನ್ನು ಅಂಗಡಿಯ ಹೊಸ್ತಿಲಿಗೆ ತರಲು ಜನರೇ ಹೊರಡಬೇಕಾಯಿತು. ನಮ್ಮ ಜಿಲ್ಲೆಯ ಹರಿಹರದಲ್ಲಿ 1938ರಲ್ಲಿ ಹುಟ್ಟಿ, ಚನ್ನಗಿರಿಗೆ ನೆರೆಯ ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ಸಂಗಾತಿಗಳೊಂದಿಗೆ ಕಟ್ಟಿದ ದಲಿತ ಸಂಘರ್ಷ ಸಮಿತಿ ಭೂಮಿಗಾಗಿ, ಕೂಲಿಗಾಗಿ ಹೋರಾಡಿದ ಹಾಗೆಯೇ ಹೋಟೆಲ್ ಪ್ರವೇಶಕ್ಕಾಗಿಯೂ ಹೋರಾಡಿತು. ಹಲವು ಊರುಗಳ ಯುವಕರು ಮೊದಲ ಬಾರಿ ಬೆಂಚಿನ ಮೇಲೆ ಕೂತು ಚಹಾ ಕೇಳಿದ್ದು ಆ ಧೈರ್ಯದಿಂದ. 1927ರಲ್ಲಿ ಡಾ. ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದು ಬಾಯಾರಿಕೆಗಾಗಿ ಅಲ್ಲ. ಈ ಯುವಕರು ಕೇಳಿದ್ದೂ ಬರೀ ಚಹಾವನ್ನಲ್ಲ. ಊರಿನ ಮಾತು ನಡೆಯುವ ಜಾಗದಲ್ಲಿ ತಮ್ಮ ಪಾಲನ್ನು ಅವರು ಕೇಳಿದರು.

ಈಗ ಕಾಲ ಬದಲಾಗಿದೆ, ಎಲ್ಲರಿಗೂ ಒಂದೇ ಪೇಪರ್ ಲೋಟ, ಕುಡಿದು ಬಿಸಾಡುತ್ತಾರೆ, ಭೇದ ಎಲ್ಲಿದೆ ಎಂದು ಕೇಳುವವರಿದ್ದಾರೆ. ಈ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಬೇರೆ ಲೋಟವನ್ನು ಗೋಡೆಯಿಂದ ಇಳಿಸಿದ್ದರಲ್ಲಿ ಪೇಪರ್ ಲೋಟಕ್ಕೂ ಪಾಲಿದೆ, ಅದರಿಂದ ಅವಮಾನ ಕಡಿಮೆಯಾದದ್ದೂ ನಿಜ. ಆದರೆ ಒಬ್ಬರ ಎಂಜಲಿನ ಲೋಟವನ್ನು ಇನ್ನೊಬ್ಬರು ತೊಳೆಯಬೇಕಾದ, ತೊಳೆದ ಅದೇ ಲೋಟದಲ್ಲಿ ಮತ್ತೊಬ್ಬರು ಕುಡಿಯಬೇಕಾದ ಸಂದರ್ಭವನ್ನೇ ಅದು ತೆಗೆದುಹಾಕಿತು. ಮುಟ್ಟುವ ಪ್ರಶ್ನೆಗೆ ಉತ್ತರ ಕೊಡದೆ ಮುಟ್ಟುವುದನ್ನೇ ತಪ್ಪಿಸಿತು. ಲೋಟ ಒಂದೇ ಆದ ಊರಲ್ಲೂ ಕೆಲವರು ಅದನ್ನು ಹಿಡಿದು ರಸ್ತೆಯಂಚಿಗೆ ಹೋಗಿ ನಿಂತು ಕುಡಿಯುತ್ತಿದ್ದರೆ, ಬೆಂಚಿನಲ್ಲಿ ಜಾಗವಿದ್ದೂ ಕೂರದಿದ್ದರೆ, ಭೇದ ಲೋಟದಿಂದ ಬೆಂಚಿಗೆ ಸರಿದಿದೆ ಎಂದೇ ತಿಳಿಯಬೇಕು. ಬರೆದ ನಿಯಮ ಯಾವುದೂ ಇಲ್ಲದೆ ಮನಸ್ಸಿನಲ್ಲೇ ಉಳಿದ ಗೆರೆಯನ್ನು ಪೊಲೀಸ್ ಠಾಣೆ ಅಳಿಸಲಾರದು. ಪಕ್ಕಕ್ಕೆ ಸರಿದು ‘ಬನ್ನಿ, ಕೂತ್ಕಳಿ’ ಎನ್ನುವವರು ಅಳಿಸಬಲ್ಲರು.

ಪೇಪರ್ ಲೋಟದ ಇನ್ನೊಂದು ಮುಖವೂ ಇದೆ. ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರವಿರುತ್ತದೆ, ಇಲ್ಲದಿದ್ದರೆ ಕಾಗದ ನೆನೆದು ಸೋರುತ್ತದೆ. ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವೆ. ಕುಡಿದು ಎಸೆದ ಲೋಟಗಳು ಬಸ್ ನಿಲ್ದಾಣದ ಚರಂಡಿಯಿಂದ ಕೆರೆಯವರೆಗೆ ಹೋಗುತ್ತವೆ. ಹಾಗೆಂದು ಅಂಗಡಿಯವರನ್ನಷ್ಟೇ ದೂರುವುದು ನ್ಯಾಯವಲ್ಲ. ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆದ ಗಾಜಿನ ಲೋಟ ಆರೋಗ್ಯಕರವಾಗಿರಲಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಜಗಳೂರಿನ ಸಣ್ಣ ಅಂಗಡಿಗೆ ನೂರಾರು ಲೋಟ ತೊಳೆಯುವ ನೀರು ಎಲ್ಲಿಂದ ಬರಬೇಕು? ಸ್ಟೀಲ್ ಲೋಟಕ್ಕೆ ಮರಳಿ ಎಂದು ಹೇಳುವವರು ಅಂಗಡಿಯ ಬಳಿಗೆ ಒಂದು ನಲ್ಲಿಯನ್ನೂ ತರಬೇಕು. ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿಗಳು ಸಂತೆ ಮೈದಾನದಲ್ಲಿ, ಬಸ್ ನಿಲ್ದಾಣದಲ್ಲಿ ತೊಳೆಯುವ ನೀರಿನ ವ್ಯವಸ್ಥೆ ಮಾಡಿಕೊಟ್ಟು, ಬಿಸಿನೀರಿನಲ್ಲಿ ತೊಳೆದ ಸ್ಟೀಲ್ ಲೋಟವನ್ನೇ ಬಳಸಬೇಕೆಂದು ಕೇಳುವುದು ಸಾಧ್ಯವಿರುವ ಕೆಲಸ. ಎಲ್ಲರೂ ಕುಡಿದ ಲೋಟದಲ್ಲಿ ಎಲ್ಲರೂ ಕುಡಿಯುವುದು ಪರಿಸರಕ್ಕೆ ಒಳ್ಳೆಯದು, ಸಮಾಜಕ್ಕೆ ಇನ್ನೂ ಒಳ್ಳೆಯದು.

ಜಾತಿಯ ಗೆರೆಯನ್ನು ಕನಿಷ್ಠ ತಪ್ಪೆಂದು ಒಪ್ಪುತ್ತೇವೆ. ಬೆಂಚಿನ ಎರಡನೆಯ ಗೆರೆ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಅಲ್ಲಿ ಹೆಂಗಸರಿಲ್ಲ. ಈ ಚಹಾದ ಹಾಲು ಬರುವುದು ಬೆಳಿಗ್ಗೆ, ಸಂಜೆ ಹಸು ಎಮ್ಮೆ ಕರೆದು ಡೈರಿಗೆ ಹಾಕುವ ಹೆಂಗಸರಿಂದ. ಮನೆಯಲ್ಲಿ ಎಲ್ಲರಿಗಿಂತ ಮೊದಲೆದ್ದು ಒಲೆಗೆ ಪಾತ್ರೆ ಇಡುವವರೂ ಅವರೇ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸುಲಿಯುವ ಮನೆಗಳಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರಿಗೆ ಚಹಾ ಬರುತ್ತದೆ. ಕೈಗೆ ಅಂಟಿದ ಚೊಗರನ್ನು ಸೆರಗಿಗೆ ಒರೆಸಿಕೊಂಡು ಕುಡಿದು ಮತ್ತೆ ಸುಲಿಯಲು ಕೂರುತ್ತಾರೆ. ಮೆಕ್ಕೆಜೋಳದ ಹೊಲದ ಬದುವಿಗೂ, ಶೇಂಗಾ ಬಿಡಿಸುವ ಕಣಕ್ಕೂ ಫ್ಲಾಸ್ಕಿನಲ್ಲೋ ತಂಬಿಗೆಯಲ್ಲೋ ಚಹಾ ಹೋಗುತ್ತದೆ. ಹೆಂಗಸರು ಚಹಾ ಕುಡಿಯುವುದಿಲ್ಲವೆಂದಲ್ಲ. ಕೆಲಸದ ನಡುವೆ, ಕೆಲಸಕ್ಕಾಗಿ ಕುಡಿಯುತ್ತಾರೆ. ಕೂತು ಊರಿನ ಸುದ್ದಿ ಕೇಳುತ್ತ, ತಮ್ಮ ಮಾತನ್ನೂ ಸೇರಿಸುತ್ತ ಕುಡಿಯುವ ಜಾಗ ಅವರಿಗಿಲ್ಲ. ಪಟ್ಟಣದ ಹೋಟೆಲಿನಲ್ಲಿ ಪರದೆ ಹಾಕಿದ ‘ಫ್ಯಾಮಿಲಿ ರೂಮ್’ ಇದೆ, ಅಂದರೆ ಗಂಡನೋ ಮಗನೋ ಜೊತೆಗಿದ್ದರೆ ಕೂರಬಹುದು.

ಅವರಿಗೆ ಅಲ್ಲಿ ಕೂರಲು ಇಷ್ಟವಿಲ್ಲ, ನಮ್ಮ ಕಡೆಯ ಮರ್ಯಾದೆ ಹಾಗೆ ಎಂದು ಉತ್ತರ ಬರುತ್ತದೆ. ಬೀಡಿ ಹೊಗೆಯ, ಒರಟು ಮಾತಿನ ಜಾಗಕ್ಕೆ ಹೆಂಗಸರು ಏಕೆ ಬರಬೇಕು ಎಂಬ ಪ್ರಶ್ನೆಯೂ ಇದೆ. ಜಾಗ ಹಾಗಿದ್ದರೆ ಅದನ್ನು ಸರಿಮಾಡಬೇಕಾದವರು ಅಲ್ಲಿ ಕೂತಿರುವವರು. ಬೆಂಚು ಬರೀ ಹರಟೆಯ ಕಟ್ಟೆಯಾಗಿದ್ದರೆ ನಾನೂ ಇಷ್ಟು ವಾದಿಸುತ್ತಿರಲಿಲ್ಲ. ಅಡಿಕೆಯ ಧಾರಣೆ ಗೊತ್ತಿಲ್ಲದೆ ಚೇಣಿಗೆ ಒಪ್ಪಿದ ವಿಧವೆಯ ನಷ್ಟ, ಉದ್ಯೋಗ ಖಾತರಿಯ ಅರ್ಜಿಯ ದಿನ ತಪ್ಪಿದ ಒಂಟಿ ಹೆಂಗಸಿನ ನಷ್ಟ, ಪಂಚಾಯಿತಿ ಸದಸ್ಯೆಯಾಗಿ ಗೆದ್ದೂ ಊರಿನ ಮಾತು ಗಂಡನ ಮೂಲಕವೇ ಕಿವಿಗೆ ಬೀಳುವವಳ ನಷ್ಟ, ಇವೆಲ್ಲ ಬೆಂಚಿನಿಂದ ಹೊರಗಿರುವುದರ ಬೆಲೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆದರೆ ಪಂಚಾಯಿತಿಯ ತೀರ್ಮಾನಗಳು ಮೊದಲು ಆಕಾರ ಪಡೆಯುವುದು ಚಹಾದಂಗಡಿಯಲ್ಲಿ.

ಬದಲಾವಣೆಗೆ ದಾರಿ ಈಗಾಗಲೇ ತೆರೆದಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಓಡಾಟ ಹೆಚ್ಚಿದೆ. ಹೊನ್ನಾಳಿಯ, ಜಗಳೂರಿನ ಬಸ್ ನಿಲ್ದಾಣದಲ್ಲಿ ಒಬ್ಬರೇ ಬಂದ, ಗೆಳತಿಯರೊಂದಿಗೆ ಬಂದ ಹೆಂಗಸರು ಬಸ್ಸಿಗೆ ಕಾಯುತ್ತಾರೆ. ಅವರಿಗೂ ಬಾಯಾರುತ್ತದೆ. ಸ್ತ್ರೀಶಕ್ತಿ ಸಂಘಗಳು, ಸಂಜೀವಿನಿ ಒಕ್ಕೂಟಗಳು ನಿಲ್ದಾಣದಲ್ಲಿ ಚಹಾದಂಗಡಿ ನಡೆಸುವಂತಾದರೆ, ಮಳಿಗೆ ಹಂಚುವಾಗ ಪಟ್ಟಣದ ಆಡಳಿತ ಅವರಿಗೆ ಆದ್ಯತೆ ಕೊಟ್ಟರೆ, ಹತ್ತಿರದಲ್ಲೊಂದು ಶುಚಿಯಾದ ಶೌಚಾಲಯವಿದ್ದರೆ, ಮರ್ಯಾದೆಯ ಪ್ರಶ್ನೆ ತಾನೇ ಕರಗುತ್ತದೆ. ಎಲ್ಲರೂ ಕೂರುವ ಬೆಂಚನ್ನೇ ಅಲ್ಲಿ ಹಾಕಬೇಕು, ಪರದೆಯನ್ನಲ್ಲ.

ಚಹಾದ ಪರವಾಗಿ ಇಷ್ಟು ಹೇಳುವಾಗ ಅದರ ವಿರುದ್ಧದ ವಾದವನ್ನು ಮುಚ್ಚಿಡಬಾರದು. ಗಾಂಧೀಜಿ 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯದ ಬಗ್ಗೆ ಬರೆದಾಗ ಚಹಾ, ಕಾಫಿ, ಕೋಕೋ ಮೂರೂ ದೇಹಕ್ಕೆ ಬೇಕಿಲ್ಲವೆಂದರು. ಅವರ ಆತಂಕದ ಒಂದು ಪಾಲು ಇಂದಿಗೂ ನಿಜ. ನಮ್ಮಲ್ಲಿ ಎಷ್ಟೋ ಜನಕ್ಕೆ ಚಹಾ ಹಸಿವನ್ನು ಮುಂದೂಡುವ ಉಪಾಯ. ಬೆಳಿಗ್ಗೆ ಒಂದು ಲೋಟ ಚಹಾ, ಒಂದು ಬನ್ನು ತಿಂದು ಕೂಲಿಗೆ ಹೋದವರು ಮಧ್ಯಾಹ್ನದವರೆಗೆ ಅದರಲ್ಲೇ ದುಡಿಯುತ್ತಾರೆ. ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವವರ ಮಕ್ಕಳಿಗೂ ಹಾಲಿನ ಬದಲು ಚಹಾ ಸಿಗುತ್ತದೆ. ಊಟದ ಜೊತೆಗೆ ಕುಡಿದ ಚಹಾ ಆಹಾರದ ಕಬ್ಬಿಣದಂಶ ಮೈಗೆ ಹತ್ತದಂತೆ ತಡೆಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆಯವರೆಗೆ ಚಹಾ, ಕಾಫಿ ಬೇಡವೆನ್ನುತ್ತದೆ. ಕರ್ನಾಟಕದ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಲ್ಲಿ ರಕ್ತಹೀನತೆ ಇದೆಯೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿರುವಾಗ ಇದು ಹಗುರವಾಗಿ ತೆಗೆದುಕೊಳ್ಳುವ ಸಲಹೆಯಲ್ಲ. ಹೊಟ್ಟೆ ತುಂಬಿದವರು ಕೂತು ಕುಡಿದಾಗ ಚಹಾ ಸಂಸ್ಕೃತಿಯಾಗುತ್ತದೆ. ಹಸಿದವರು ಊಟದ ಬದಲು ಕುಡಿದರೆ ಅದು ಅನ್ಯಾಯದ ಲಕ್ಷಣ.

ಬೆಂಚಿನಿಂದ ಬಹಳ ದೂರದಲ್ಲಿ, ಅದರ ಇನ್ನೊಂದು ತುದಿಯಲ್ಲಿ ಎಲೆ ಕೀಳುವವರಿದ್ದಾರೆ. 1921ರಲ್ಲಿ ಆಗಿನ ಅಸ್ಸಾಮಿನ ಸುರ್ಮಾ ಕಣಿವೆಯ ಚಹಾ ತೋಟಗಳನ್ನು ಬಿಟ್ಟು ಊರಿಗೆ ನಡೆದ ಕೂಲಿಗಳ ಮೇಲೆ ಚಾಂದ್‌ಪುರದಲ್ಲಿ ಸೈನಿಕರು ಬಿದ್ದರು. 2015ರಲ್ಲಿ ಕೇರಳದ ಮುನ್ನಾರಿನ ಚಹಾ ತೋಟಗಳ ಹೆಂಗಸರು ಬೋನಸ್ಸಿಗಾಗಿ ರಸ್ತೆಯಲ್ಲಿ ಕೂತು, ಪುರುಷ ನಾಯಕರನ್ನು ದೂರವಿಟ್ಟು ತಾವೇ ಮಾತುಕತೆಗೆ ಹೋದರು. ಕನ್ನಡಕ್ಕೆ ಹತ್ತಿರದ ನುಡಿಯಾಡುವ ನೀಲಗಿರಿಯ ಬಡಗರಲ್ಲಿ ಬಹಳ ಮಂದಿ ಸಣ್ಣ ಚಹಾ ಬೆಳೆಗಾರರು. ಹಸಿರೆಲೆಗೆ ನ್ಯಾಯವಾದ ಬೆಲೆ ಕೊಡಿ ಎಂದು ಅವರು ವರ್ಷಗಳಿಂದ ಕೇಳುತ್ತಿದ್ದಾರೆ. ಅಡಿಕೆ, ಮೆಕ್ಕೆಜೋಳದ ಧಾರಣೆಗಾಗಿ ಬೀದಿಗಿಳಿದಿರುವ ನಮ್ಮ ರೈತರಿಗೆ ಆ ಕೂಗು ಬೇಗ ಅರ್ಥವಾಗಬೇಕು.

ಜಪಾನಿನ ಚಹಾ ಸಂಪ್ರದಾಯಕ್ಕೆ ರೂಪ ಕೊಟ್ಟ ಸೆನ್ ನೊ ರಿಕ್ಯು 16ನೆಯ ಶತಮಾನದವನು. ಅವನ ಚಹಾಗೃಹದ ಬಾಗಿಲು ಬಹಳ ಗಿಡ್ಡ. ಸಾಮುರಾಯ್ ಯೋಧನೂ ಕತ್ತಿಯನ್ನು ಹೊರಗಿಟ್ಟು, ಬಾಗಿ, ಮಂಡಿಯೂರಿ ಒಳಗೆ ಹೋಗಬೇಕು. ಒಳಗಿನ ಸಮಾನತೆ ಆಕಸ್ಮಿಕವಾಗಿ ಬರಲಿಲ್ಲ. ಯಾರೋ ಯೋಚಿಸಿ, ಬಾಗಿಲನ್ನು ಅಳೆದು, ಕಟ್ಟಿದ್ದರಿಂದ ಬಂತು. ಹನ್ನೆರಡನೆಯ ಶತಮಾನದಲ್ಲಿ ಶರಣರು ಒಟ್ಟಿಗೆ ಕೂತು ದಾಸೋಹ ಮಾಡಿದ ನಾಡು ನಮ್ಮದು. ಸಹಪಂಕ್ತಿಯ ಅರ್ಥವನ್ನು ನಾವು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಆದರೆ ಅದನ್ನು ಮಠದ ಅಂಗಳದಿಂದ ರಸ್ತೆಬದಿಯ ಅಂಗಡಿಗೆ ತರುವ ಕೆಲಸ ಬಾಕಿ ಇದೆ.

ಈ ಕೆಲಸಕ್ಕೆ ದೊಡ್ಡ ಹಣ ಬೇಡ. ಅಂಗಡಿಯ ಪರವಾನಗಿ ಕೊಡುವ ಪಂಚಾಯಿತಿ ‘ಎಲ್ಲರಿಗೂ ಒಂದೇ ಲೋಟ, ಒಂದೇ ಬೆಂಚು’ ಎಂಬ ಮಾತನ್ನು ಷರತ್ತಾಗಿ ಬರೆಯಬಹುದು. ನೀರಿನ ನಲ್ಲಿ ಕೊಡಬಹುದು. ಹೆಂಗಸರ ಸಂಘಕ್ಕೆ ಮಳಿಗೆ ಕೊಡಬಹುದು. ಶಾಲೆ, ಕಾಲೇಜಿನ ಮೇಷ್ಟ್ರುಗಳು, ಬ್ಯಾಂಕಿನ, ಕಚೇರಿಯ ನೌಕರರು ತಮ್ಮ ಸಹೋದ್ಯೋಗಿ ಹೆಣ್ಣುಮಕ್ಕಳೊಂದಿಗೆ, ಊರ ಕೇರಿಯ ಎಲ್ಲರೊಂದಿಗೆ ಅದೇ ಬೆಂಚಿನಲ್ಲಿ ಕೂತು ಕುಡಿಯುವುದನ್ನು ರೂಢಿ ಮಾಡಬಹುದು. ಪ್ರಚಾರದ ಗಾಡಿಗಳು ಬಂದು ಒಂದು ಪಾನೀಯವನ್ನು ಕೆಲವೇ ದಶಕಗಳಲ್ಲಿ ನಮ್ಮ ದಿನಚರಿಯಾಗಿ ಮಾಡಿದವು. ಲಾಭಕ್ಕಾಗಿ ಒಂದು ಅಭ್ಯಾಸವನ್ನು ಅಷ್ಟು ಬೇಗ ಹರಡಬಹುದಾದರೆ, ನ್ಯಾಯಕ್ಕಾಗಿ ಇನ್ನೊಂದನ್ನು ಹರಡಲು ನಮ್ಮಿಂದ ಏಕಾಗದು? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಗೆ ಜಗತ್ತಿನ ಚಹಾ ಭೂಪಟದಲ್ಲಿ ಜಾಗ ಸಿಗಬೇಕಾದರೆ ಅದು ಎಲೆಯಿಂದ ಸಿಗುವುದಿಲ್ಲ, ಎಲ್ಲರೂ ಕೂರಬಲ್ಲ ಬೆಂಚಿನಿಂದ ಸಿಗುತ್ತದೆ. ಅದನ್ನು ಕಟ್ಟುವ ಹೊಣೆ ಈಗ ಅದರ ಮೇಲೆ ಕೂತಿರುವವರದು.